ತಂತಿ ಕಟ್ಟಿದ ಕೈ

"ಅಕ್ಕಾರ, ಈ ತಂತಿ ನಾ ಕಟ್ಟಿದ್ದಲ್ರಿ."

ಗಾಡಿಯ ಕೆಳಗಿನಿಂದ ಅಬ್ದುಲಮಜೀದನ ದನಿ ಬಂತು. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಪಾದಗಳು ಮಾತ್ರ.

ಕಸ್ತೂರೆವ್ವ ಸಾಲೆಯಿಂದ ಬಂದು ಇನ್ನೂ ಕೈಚೀಲ ಇಳಿಸಿರಲಿಲ್ಲ. ಅದನ್ನು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿ, ಸೀರೆಯ ನಿರಿಗೆ ಒತ್ತಿ ಹಿಡಿದು ಬಗ್ಗಿದಳು.

"ಯಾವ ತಂತಿ?"

"ಸ್ಟೀರಿಂಗಿನ ನಟ್ಟಿಗೆ ಕಟ್ಯಾರ ನೋಡ್ರಿ. ಎರಡೂ ನಟ್ಟು ಒಂದಕ್ಕೊಂದು ಹಿಡಕೊಂಡು ಕುಂತಾವ. ಇನ್ನ ಎಷ್ಟ ಅದರಿದ್ರೂ ಬಿಚ್ಚೂದಿಲ್ಲ."

"ನಮ್ಮ ರಾಮೂ ಕಟ್ಟಿರಬೇಕಲ್ಲ?"

"ಕೇಳಿದ್ಯಾರಿ. ತಾನೂ ಅಲ್ಲಂದ. ಯಾರೋ ಪುಣ್ಯಾತ್ಮರು ಬಿಡಪಾ ಅಂತ ನಕ್ಕ."

ಮಜೀದ ಹೊರಗೆ ಜಾರಿ ಬಂದು ಎದ್ದು ಕೂತ. ಗಡ್ಡಕ್ಕೆಲ್ಲ ಎಣ್ಣೆ ಹತ್ತಿತ್ತು. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ; ತನಗಿಂತ ಚೆನ್ನಾಗಿ ಕೆಲಸ ಬಲ್ಲವನನ್ನು ಕಂಡ ಕೆಲಸಗಾರನ ಬೆರಗಿತ್ತು.

"ಇಷ್ಟ ಚಂದ ಕಟ್ಟಾಕ ನನಗ ಬರೂದಿಲ್ಲ ಅಕ್ಕಾರ. ಖರೇ ಹೇಳತೇನಿ."

ಪಂದ್ಯದ ಎದುರಾಳಿ, ಗ್ಯಾರೇಜಿನ ಹುಚ್ಚಪ್ಪ ನಿನ್ನೆ ಮೋಟಾರು ಸಂಘಕ್ಕೆ ಕೊಟ್ಟ ತಕರಾರು ಅರ್ಜಿ ಬರೀ ಹೊಟ್ಟೆಕಿಚ್ಚಿನದು ಎಂದು ಕಸ್ತೂರೆವ್ವ ಇದುವರೆಗೆ ನಂಬಿದ್ದಳು. "ಗೋಪನಕೊಪ್ಪದ ಗಾಡಿಗೆ ಮೂರನೆಯ ಕೈ ಹತ್ತಿದೆ" ಎಂದು ಅವನು ಇವರ ಗಾಡಿಯ ಬಗ್ಗೆ ಬರೆದಿದ್ದ. ಈಗ ಆ ಮೂರನೆಯ ಕೈಯ ಕೆಲಸ ಅವಳ ಕಣ್ಣೆದುರಿಗೇ ಇತ್ತು.

ಅಂದು ಗುರುವಾರ. ಭಾನುವಾರ ಬೆಳಿಗ್ಗೆ ಗಬ್ಬೂರಿನ ಆಚೆಯ ನೆಟ್ಟನೆಯ ರಸ್ತೆಯಲ್ಲಿ ಎರಡು ಫರ್ಲಾಂಗಿನ ಓಟ. ಒಂದು ಸಲಕ್ಕೆ ಎರಡು ಗಾಡಿ, ನಿಂತಲ್ಲಿಂದ ಹೊರಡಬೇಕು, ತಿರುವಿಲ್ಲ, ಮುರುವಿಲ್ಲ, ಮೊದಲು ಗೆರೆ ದಾಟಿದವನು ಗೆದ್ದ. ಮನೆಯಲ್ಲಿ ಕಟ್ಟಿದ ಗಾಡಿಗಳಿಗೆ ಬೇರೆಯ ಪಂದ್ಯ. ಅದರಲ್ಲಿ ಗೆದ್ದವರಿಗೆ ಹತ್ತಿ ವ್ಯಾಪಾರಿ ಗುರುಸಿದ್ದಯ್ಯನವರು ಕಬ್ಬಿಣ ಕಡೆಯುವ ಒಂದು ಲೇಥ್ ಯಂತ್ರ ಕೊಡುವವರಿದ್ದರು. ಹಳೆಯದಾದರೂ ಗಟ್ಟಿ ಯಂತ್ರ. ಹಳೇ ಹುಬ್ಬಳ್ಳಿಯ ತಗಡಿನ ಅಂಗಡಿಯಲ್ಲಿ ಬಕೆಟ್ಟಿಗೆ ಬೆಸುಗೆ ಹಾಕುತ್ತ ಕೂತ ಮಜೀದನಿಗೆ ಆ ಯಂತ್ರ ಕೈಗೆ ಬಂದರೆ ಬದುಕೇ ಬೇರೆಯಾಗುತ್ತಿತ್ತು.

ಆದರೆ ಕರಾರೊಂದಿತ್ತು. ಗಾಡಿಗೆ ಕೈ ಹಚ್ಚಿದವರೆಲ್ಲ ಶನಿವಾರ ಮಧ್ಯಾಹ್ನದೊಳಗೆ ಸಂಘದ ಕಾಗದಕ್ಕೆ ಸಹಿ ಹಾಕಬೇಕು. ಬೇರೆಯವರ ಕೆಲಸ ಅದರಲ್ಲಿದೆ ಎಂದು ಗೊತ್ತಾದರೆ ಗಾಡಿ ಹೊರಗೆ.

"ಅಕ್ಕಾರ," ಎಂದ ಮಜೀದ, "ಯಾರಂತ ಹುಡುಕಿ ಕೊಡ್ರಿ. ಸುಳ್ಳು ಸಹಿ ಹಾಕಾಕ ನನಗ ಮನಸಿಲ್ಲ. ಮತ್ತ ಓಡಿಸಾವನೂ ನಾನ. ಯಾರ ಕೈ ಆಡೇತಿ ಅಂತ ಗೊತ್ತಿಲ್ದ ಗಾಡ್ಯಾಗ ಹ್ಯಾಂಗ ಕುಂದ್ರಲಿ?"

ಹುಡುಕಿಕೊಡು ಎಂದು ಕಸ್ತೂರೆವ್ವನ ಹತ್ತಿರ ಬರುವುದು ಆ ಓಣಿಯವರಿಗೆ ಹೊಸದಲ್ಲ. ದೇಶಪಾಂಡೆ ನಗರದ ಹೆಣ್ಣುಮಕ್ಕಳ ಸಾಲೆಯಲ್ಲಿ ಅವಳು ವಿಜ್ಞಾನದ ಶಿಕ್ಷಕಿ. ನೋಡಿದ್ದನ್ನು ನೋಡಿದ ಹಾಗೇ ಹೇಳುವುದು, ನೋಡದ್ದನ್ನು ಸೇರಿಸದಿರುವುದು, ಇಷ್ಟೇ ಅವಳ ವಿದ್ಯೆ. ಅಷ್ಟರಿಂದಲೇ ಕಳೆದ ಎರಡು ವರ್ಷಗಳಲ್ಲಿ ಪೊಲೀಸು ಚಾವಡಿಗೆ ಹೋಗಬೇಕಾಗಿದ್ದ ನಾಲ್ಕೈದು ಜಗಳಗಳು ಅವಳ ಮನೆಯ ಕಟ್ಟೆಯ ಮೇಲೇ ಮುಗಿದಿದ್ದವು.

ಈ ಸಲ ಕಟ್ಟೆ ಇಳಿದು ತನ್ನದೇ ಹಿತ್ತಲಿಗೆ ಬರಬೇಕಾಗಿತ್ತು. ಗಾಡಿಯನ್ನು ಕಟ್ಟುತ್ತಿದ್ದ ಇನ್ನೊಬ್ಬ ಅವಳ ತಮ್ಮ ರಾಮಪ್ಪ. ರೈಲ್ವೆ ಕಾರಖಾನೆಯಲ್ಲಿ ಫಿಟ್ಟರ್.

ಗಾಡಿಯನ್ನು ನೋಡಿದ ಹೊಸಬರಿಗೆ ಮೊದಲು ನಗು ಬರುತ್ತಿತ್ತು. ಹಳೆಯ ಆಸ್ಟಿನ್ ಕಾರಿನ ಚೌಕಟ್ಟು, ಅದರ ಮೇಲೆ ಎಂಟು ಸಿಲಿಂಡರಿನ ಲಾರಿ ಇಂಜಿನ್ನು. ಬಾಗಿಲಿಲ್ಲ, ಮೇಲ್ಚಾವಣಿಯಿಲ್ಲ, ಮಡ್‌ಗಾರ್ಡಿಲ್ಲ. ಕೂಡ್ರಲು ಕಾಲು ಕತ್ತರಿಸಿದ ಬೆತ್ತದ ಕುರ್ಚಿ. ಪೆಟ್ರೋಲಿಗೆ ಶೇಂಗಾ ಎಣ್ಣೆಯ ಡಬ್ಬಿ. ಎಷ್ಟು ತೊಳೆದರೂ ಅದರೊಳಗಿನಿಂದ ಒಗ್ಗರಣೆಯ ವಾಸನೆ ಹೋಗಿರಲಿಲ್ಲ. ತೂಕ ಕಡಿಮೆ ಮಾಡಲೆಂದು ಚೌಕಟ್ಟಿನ ಉದ್ದಕ್ಕೂ ತೂತು ಕೊರೆದಿದ್ದರು. ಆ ತೂತುಗಳಿಗಾಗಿ ಇಬ್ಬರೂ ಎರಡು ತಿಂಗಳು ಕೈ ಡ್ರಿಲ್ಲು ತಿರುಗಿಸಿದ್ದರು. ಒಬ್ಬ ತಿರುಗಿಸುವಾಗ ಇನ್ನೊಬ್ಬ ಹಾಡುವುದು, ಹಾಡು ಮುಗಿದಾಗ ಕೈ ಬದಲಿಸುವುದು. ಆ ಎರಡು ತಿಂಗಳು ಮನೆಯಲ್ಲಿ ರೇಡಿಯೋ ಹಚ್ಚುವ ಕಾರಣವೇ ಇರಲಿಲ್ಲ.

ಆ ದಿನಗಳನ್ನು ನೆನೆದರೆ ಕಸ್ತೂರೆವ್ವನಿಗೆ ಈಗಲೂ ಮನಸ್ಸು ತುಂಬಿ ಬರುತ್ತಿತ್ತು.

"ಕಂದೀಲು ಹಚ್ಚು ಮಜೀದ. ಯಾವುದನ್ನೂ ಮುಟ್ಟಬ್ಯಾಡ," ಎಂದಳು.

ಮೊದಲು ಇಂಜಿನ್ನಿನ ಮುಂದೆ ನಿಂತಳು. ಅಲ್ಲೊಂದು ಕಟ್ಟಿಗೆಯ ಪೆಟ್ಟಿಗೆ ಬೋರಲಾಗಿ ಬಿದ್ದಿತ್ತು. ಹಿಂದಿನ ವಾರ ಅದು ಮೂಲೆಯಲ್ಲಿ ಮೊಳೆ ತುಂಬಿಕೊಂಡು ಕೂತಿತ್ತು. ಈಗ ಮೊಳೆಗಳು ಒಂದು ಚಿಂದಿಯ ಮೇಲೆ, ಸಣ್ಣವು ಬೇರೆ, ದೊಡ್ಡವು ಬೇರೆ, ಒಪ್ಪವಾಗಿದ್ದವು.

"ನೀವಿಬ್ಬರೂ ಈ ಪೆಟ್ಟಿಗಿ ಮ್ಯಾಲೆ ನಿಂತು ಕೆಲಸ ಮಾಡ್ತೀರೇನು?"

"ಯಾಕರಿ? ನಮಗ ನಿಲುಕತೈತಲ್ಲ."

ಹಾಗಾದರೆ ಬಂದವರು ಗಿಡ್ಡ.

ಎಕ್ಸಿಲೇಟರಿನಿಂದ ಕಾರ್ಬೋರೇಟರಿಗೆ ಹೋಗುವ ಸಲಾಕೆಯ ಮೇಲೆ ಅವಳ ಕಣ್ಣು ನಿಂತಿತು. ಅದರ ತುದಿಯ ತಿರುಪಿಗೂ ಅದೇ ಬಗೆಯ ಸಣ್ಣ ತಂತಿ, ಜಡೆಯ ಹಾಗೆ ಹೊಸೆದದ್ದು. ತಂತಿಯ ಪಕ್ಕ ಒಂದು ಎಳೆ ಕೆಂಪು ದಾರ, ಗುರುತಿಗೆಂದು ಕಟ್ಟಿದ್ದು. ತಿರುಪಿನ ಹಲ್ಲುಗಳು ಒಂದು ಬೆರಳಗಲ ಮಾತ್ರ ಹೊಳೆಯುತ್ತಿದ್ದವು. ಉಳಿದೆಲ್ಲ ಕಡೆ ಹಳೆಯ ಜಿಡ್ಡು. ಆ ಬೆರಳಗಲವನ್ನು ಯಾರೋ ಒಳಗೆ ತಿರುಗಿಸಿದ್ದಾರೆ, ಹೊರಗೆ ತಿರುಗಿಸಿದ್ದಾರೆ, ಮತ್ತೆ ಒಳಗೆ, ಮತ್ತೆ ಹೊರಗೆ.

ಅವಳು ನೆಲಕ್ಕೆ ಕಂದೀಲು ಹಿಡಿದಳು. ಮಣ್ಣಿನಲ್ಲಿ ತಂತಿಯ ತುಂಡುಗಳು ಬಿದ್ದಿದ್ದವು. ಐದು. ಎಲ್ಲವೂ ಹೊಸೆದವು, ಎಲ್ಲವೂ ನಡುವೆ ಕತ್ತರಿಸಿದವು.

"ಈ ಸಲಾಕಿ ಗಿಡ್ಡ ಮಾಡಿದ್ರ ಏನಾಗತೈತಿ?"

"ಎಷ್ಟ ಒತ್ತಿದ್ರೂ ಕಾರ್ಬೋರೇಟರು ಅರ್ಧಾನ ತಗೀತೈತ್ರಿ. ಗಾಡಿ ಓಡತೈತಿ, ಆದ್ರ ಮೈಗಳ್ಳ ಎತ್ತಿನಗತೆ."

"ಬುಧವಾರ ಗಬ್ಬೂರಾಗ ಓಡಿಸಿದಾಗ ಎಷ್ಟ ಬಂತು?"

ಸಾಲೆಯ ಆಟೋಟದ ಗಡಿಯಾರವನ್ನು ಅವಳೇ ಅವರಿಗೆ ತಂದುಕೊಟ್ಟಿದ್ದಳು.

"ಇಪ್ಪತ್ತಮೂರು ಸೆಕೆಂಡು. ಸೋಮವಾರ, ಮಂಗಳವಾರ ಹದಿನೆಂಟ ಬಂದಿತ್ತು. ಪೆಟ್ರೋಲಿನ್ಯಾಗ ಕಸಾ ಇರಬೇಕಂದ ರಾಮಣ್ಣ."

ಕಸ್ತೂರೆವ್ವ ಐದೂ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

"ಮಜೀದ, ಇಲ್ಲಿಗೆ ಬರೂದು ಒಂದು ಕೈ ಅಲ್ಲ, ಎರಡು. ಒಂದು ಕಟ್ಟತೈತಿ, ಒಂದು ಬಿಚ್ಚತೈತಿ. ಬುಧವಾರ ಕಟ್ಟೂ ಕೈ ಬಂದಿಲ್ಲ."

ಮಜೀದ ತಲೆ ಕೆರೆದುಕೊಂಡ. "ಬಿಚ್ಚಾಂವ ಇಂಜಿನ್ನ ಒಡೀಬಹುದಾಗಿತ್ತಲ್ರಿ?"

"ಹೌದು. ಒಡದಿಲ್ಲ. ಚಕ್ರಾ ಸಡ್ಲ ಮಾಡಿಲ್ಲ, ಬ್ರೇಕು ಮುಟ್ಟಿಲ್ಲ. ಅಂವಗ ಗಾಡಿ ಮುರೀಬೇಕಾಗಿಲ್ಲ. ಸಾವಕಾಶ ಓಡಬೇಕಾಗೇತಿ, ಅಷ್ಟ."

ಒಳಗೆ ಅವ್ವ ಮುದಕವ್ವ ಚಹಾಕ್ಕೆ ಕರೆದಳು. ಪಡಸಾಲೆಯಲ್ಲಿ, ಬುದ್ಧನ ಪಟದ ಕೆಳಗೆ, ಅರ್ಧ ಹೊಲಿದ ಕೌದಿ ಹರಡಿತ್ತು. ಹಳೆಯ ಸೀರೆ ಧೋತರಗಳ ತುಂಡು ಕೂಡಿಸಿ ಅವ್ವ ವರ್ಷಕ್ಕೊಂದು ಕೌದಿ ಹೊಲಿಯುತ್ತಿದ್ದಳು. ಈ ವರ್ಷ ಜೊತೆಗೆ ಮಜೀದನ ಹೆಂಡತಿ ಶಮೀಮ ಬರುತ್ತಿದ್ದಳು, ದಿನಾ ಮಧ್ಯಾಹ್ನ, ಮೂರು ವಾರದಿಂದ.

ಕಸ್ತೂರೆವ್ವ ಬಟ್ಟಲು ಹಿಡಿದು ಕೌದಿಯ ಅಂಚಿಗೆ ಕೂತಳು. ಅವ್ವನ ಹೊಲಿಗೆ ಬಿಳಿ ದಾರದ್ದು, ಶಮೀಮಳದು ಕೆಂಪು. ಬಿಳಿಯ ಸಾಲುಗಳು ಮೊಳಗಟ್ಟಲೆ ಹೋಗಿದ್ದವು. ಕೆಂಪು ಹೊಲಿಗೆ ಒಂದು ಗೇಣು ಕೂಡ ಮುಟ್ಟಿರಲಿಲ್ಲ.

"ಶಮೀಮ ಬಾಳ ಸಾವಕಾಶ ಹೊಲೀತಾಳೇನವ್ವಾ?"

"ಅಯ್ಯ, ಹೊಲಿಗಿ ಎಲ್ಲಿ ಓಡತೈತಿ? ಊಟಾ ಆದಮ್ಯಾಲೆ ನನ್ನ ಕಣ್ಣು ಕೂಡತಾವು. ಎದ್ದಾಗ ನೋಡಿದ್ರ ಅಕಿ ಹೊರಟು ನಿಂತಿರತಾಳು. ಛಲೋ ಹುಡುಗಿ. ನಿನ್ನಿ ಮಾತ್ರ ಬಂದಿರಲಿಲ್ಲ, ಅತ್ತಿ ರಸೂಲಬಿಗೆ ಜ್ವರಾ ಅಂತ."

ನಿನ್ನೆ, ಬುಧವಾರ.

ಕಸ್ತೂರೆವ್ವ ಚಹಾ ಕುಡಿದು ಮುಗಿಸಿದಳು. ತುಟಿಯ ಮೇಲೆ ಬಂದ ನಗೆಯನ್ನು ಅವ್ವನಿಗೆ ಕಾಣದ ಹಾಗೆ ಸೆರಗಿನಲ್ಲಿ ಒರೆಸಿಕೊಂಡಳು.

ಆದರೂ ಮರುದಿನ ಸಾಲೆಗೆ ಹೋಗುವಾಗ ಅವಳು ಹುಚ್ಚಪ್ಪನ ಗ್ಯಾರೇಜಿನ ಮುಂದೆ ನಿಂತಳು. ಬಿಚ್ಚುವ ಕೈ ಯಾರದೆಂದು ಇನ್ನೂ ತಿಳಿದಿರಲಿಲ್ಲ; ಓಟ ಸೋತರೆ ಲಾಭವಾಗುವ ಮನುಷ್ಯನನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಹುಚ್ಚಪ್ಪ ಮುಂಬಯಿಯಿಂದ ತರಿಸಿದ ಬಿಡಿಭಾಗಗಳ ನಡುವೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ.

"ನಮ್ಮ ಕೊಟ್ಟಿಗಿಗೆ ನೀವು ಯಾರನ್ನರ ಕಳಸೀರೇನ್ರಿ?" ಎಂದು ಅವಳು ನೇರವಾಗಿ ಕೇಳಿದಳು.

ಅವನು ಎಲೆಯ ರಸ ಉಗುಳಿ ಬಂದು ಕೈ ಮುಗಿದ. "ಅಕ್ಕಾರ, ನನ್ನ ಮ್ಯಾಲೆ ಸಿಟ್ಟಿರಲಿ, ಬ್ಯಾಡನ್ನೂದಿಲ್ಲ. ಆದ್ರ ಕಳ್ಳತನದ್ದು ಹಚ್ಚಬ್ಯಾಡ್ರಿ. ಮಂಗಳವಾರ ಗಬ್ಬೂರಾಗ ನಿಮ್ಮ ಗಾಡಿ ಓಡೂದು ನೋಡಿದೆ. ನಿಂತಾಗ ಹತ್ರ ಹೋಗಿ ನೋಡಿದೆ. ಆ ನಟ್ಟಿಗೆ ಕಟ್ಟಿದ ತಂತಿ ಐತಲ್ಲ, ಅದು ಮೋಟಾರ ಕೆಲಸ ಅಲ್ಲ. ವಿಮಾನಕ್ಕ ಹಂಗ ಕಟ್ತಾರ, ಮ್ಯಾಲೆ ಹೋದಾಗ ನಟ್ಟು ಬಿಚ್ಚಬಾರದಂತ. ನಿಮ್ಮ ಹುಡುಗರಿಗೆ ಅದು ಬರೂದಿಲ್ಲ. ಅದಕ್ಕ ಅರ್ಜಿ ಕೊಟ್ಟೆ."

ಮಾತಿನಲ್ಲಿ ವಕ್ರವಿರಲಿಲ್ಲ. ಸೋಲಿಸಲು ಬಂದವನು ಕೂಡ ಒಳ್ಳೆಯ ಕೆಲಸವನ್ನು ಒಳ್ಳೆಯದು ಎಂದೇ ಹೇಳಿದ್ದ. ಕಸ್ತೂರೆವ್ವ ಅವನಿಗೆ ನಮಸ್ಕಾರ ಹೇಳಿ, ಸಾಲೆಗೆ ಹೋಗಿ, ಮಧ್ಯಾಹ್ನದ ಎರಡು ತಾಸುಗಳಿಗೆ ರಜೆ ಬರೆದುಕೊಟ್ಟಳು.

ಒಂದು ಗಂಟೆಗೆ ಅವಳು ಹಿತ್ತಲ ಓಣಿಯಿಂದ ಮನೆಗೆ ಬಂದಳು. ಚಪ್ಪಲಿ ಕೈಯಲ್ಲಿ ಹಿಡಿದು ಕೊಟ್ಟಿಗೆಯ ಬಾಗಿಲು ತಳ್ಳಿದಳು.

ಬುರ್ಖಾ ಗೂಟದ ಮೇಲಿತ್ತು. ಶಮೀಮ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ನಿಂತು, ಸೆರಗು ಸೊಂಟಕ್ಕೆ ಬಿಗಿದು, ಇಂಜಿನ್ನಿನೊಳಗೆ ಬಗ್ಗಿದ್ದಳು. ಬಾಯಲ್ಲಿ ತಂತಿಯ ತುದಿ ಕಚ್ಚಿಕೊಂಡು, ಇಕ್ಕಳದಿಂದ ಇನ್ನೊಂದು ತುದಿಯನ್ನು ಹೊಸೆಯುತ್ತಿದ್ದಳು. ಕೈ ಎಷ್ಟು ಹಗುರವಾಗಿ ತಿರುಗುತ್ತಿತ್ತೆಂದರೆ ಕಸ್ತೂರೆವ್ವ ಕರೆಯುವುದನ್ನು ಮರೆತು ನೋಡುತ್ತ ನಿಂತಳು.

ತಂತಿ ಮುಗಿಯಿತು. ಶಮೀಮ ತಿರುಗಿದಳು. ಇಕ್ಕಳ ಕೆಳಗೆ ಬಿತ್ತು.

"ಇಳೀಬ್ಯಾಡ, ಇಳೀಬ್ಯಾಡ. ಪೆಟ್ಟಿಗಿ ಅಲಗತೈತಿ," ಎಂದು ಕಸ್ತೂರೆವ್ವ ಅವಳ ಕೈ ಹಿಡಿದು ಇಳಿಸಿಕೊಂಡಳು.

"ಅಕ್ಕಾರ, ನಾನು... ಕೌದಿಗೆ ಸೂಜಿ ಹುಡುಕಾಕ..."

"ಕಾರ್ಬೋರೇಟರಿನ್ಯಾಗ?"

ಶಮೀಮ ತಲೆ ತಗ್ಗಿಸಿದಳು. ಆಮೇಲೆ ಇಬ್ಬರಿಗೂ ಒಮ್ಮೆಲೇ ನಗು ಬಂತು. ಶಮೀಮ ಮಾತ್ರ ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಎಲ್ಲಿ ಕಲ್ತಿ ಇದನ್ನ?"

"ನಮ್ಮ ಅಬ್ಬಾಜಾನ ಲಡಾಯಿ ಕಾಲದಾಗ ವಿಮಾನದ ಇಂಜಿನ್ನ ರಿಪೇರಿ ಮಾಡ್ತಿದ್ರು ಅಕ್ಕಾರ. ಲಡಾಯಿ ಮುಗದಮ್ಯಾಲೆ ಮನ್ಯಾಗ ಪಂಪಿನ ಇಂಜಿನ್ನ ರಿಪೇರಿ ಹಿಡದ್ರು. ಗಂಡಮಕ್ಕಳಿಲ್ಲ. ನಟ್ಟು ತಿರುವು ಪಾನಾ ಹಿಡದು ಕೊಡಾಕಿ ನಾನ, ತಂತಿ ಕಟ್ಟಾಕಿ ನಾನ. ಮದವಿ ಆಗೂತನಾ ಹತ್ತ ವರ್ಷ ಮಾಡೇನಿ. ಸತ್ತಾಗ ಅವರ ಇಕ್ಕಳಾ ಒಂದ ಇಸಗೊಂಡು ಬಂದೆ."

ನೆಲಕ್ಕೆ ಬಿದ್ದಿದ್ದ ಇಕ್ಕಳವನ್ನು ಕಸ್ತೂರೆವ್ವ ಎತ್ತಿ, ಸೆರಗಿನಿಂದ ಮಣ್ಣು ಒರೆಸಿ, ಅವಳ ಕೈಗಿಟ್ಟಳು.

"ಮಜೀದಗ ಯಾಕ ಹೇಳಲಿಲ್ಲ?"

"ಮೊದಲ ನಾಚಿಕಿ ಆತ್ರಿ. ಹೇಂತಿ ಬಂದು ಗಾಡಿ ಸುದ್ದ ಮಾಡಿದ್ಳು ಅಂತ ಅಂಗಡ್ಯಾಗ ನಗತಾರ ಅಂತ. ಆಮ್ಯಾಲೆ..." ಅವಳು ನಿಲ್ಲಿಸಿದಳು.

"ಆಮ್ಯಾಲೆ?"

ಶಮೀಮ ಬಾಗಿಲ ಕಡೆ ನೋಡಿದಳು. ಕಸ್ತೂರೆವ್ವ ಅವಸರ ಮಾಡಲಿಲ್ಲ. ತಾನು ಹೇಳಬೇಕಾದ ಒಳ್ಳೆಯ ಮಾತನ್ನು ಮೊದಲು ಹೇಳಿದಳು.

"ಸಂಘದ ಕಾಗದಾ ನಾ ಓದೇನಿ ಶಮೀಮ. ಕೈ ಹಚ್ಚಿದವರೆಲ್ಲಾ ಸಹಿ ಹಾಕಬೇಕಂತ ಐತಿ. ಇಬ್ಬರ ಇರಬೇಕಂತ ಇಲ್ಲ. ಗಂಡಸರ ಇರಬೇಕಂತನೂ ಇಲ್ಲ. ನಾಳಿ ನೀನೂ ಬಂದು ಹೆಸರು ಬರೀ. ಹುಚ್ಚಪ್ಪನ ಅರ್ಜಿ ಅಲ್ಲಿಗೆ ಮುಗೀತು."

ಶಮೀಮ ಇಕ್ಕಳವನ್ನು ತೆರೆದಳು, ಮುಚ್ಚಿದಳು.

"ನನ್ನ ಹೆಸರು? ಗಾಡಿ ಕಟ್ಟಿದವರು ಅಂತ?"

"ಮತ್ತೇನು, ಕೌದಿ ಹೊಲದವರು ಅಂತ ಬರ್ಯೂದೇನು?"

ಆ ಹುಡುಗಿಯ ಮುಖ ಅರಳಿದ್ದನ್ನು ಕಂಡು ಕಸ್ತೂರೆವ್ವನಿಗೆ ತನ್ನ ಎರಡು ತಾಸಿನ ರಜೆ ಸಾರ್ಥಕವಾಯಿತು ಎನ್ನಿಸಿತು. ಇಲ್ಲಿಗೇ ನಿಲ್ಲಿಸಿ ಒಳಗೆ ಹೋಗಿ ಊಟ ಮಾಡಬಹುದಾಗಿತ್ತು. ಆದರೆ ಕರವಸ್ತ್ರದಲ್ಲಿ ಐದು ತುಂಡುಗಳಿದ್ದವು. ಅವನ್ನು ಬಿಚ್ಚಿ ಅಂಗೈಯಲ್ಲಿ ತೋರಿಸಿದಳು.

"ಇವನ್ನ ಕತ್ತರಿಸಿದವರು ಯಾರು?"

ಅರಳಿದ ಮುಖ ಮುದುಡಿತು.

"ಕೇಳಬ್ಯಾಡ್ರಿ ಅಕ್ಕಾರ."

"ನಾಳಿ ಸಹಿ ಹಾಕಾಕಿ ನೀನು. ನಾಡದು ಗಾಡ್ಯಾಗ ಕುಂದ್ರಾಂವ ನಿನ್ನ ಗಂಡ. ಕೇಳಲಾರದ ಹ್ಯಾಂಗ ಬಿಡ್ಲಿ?"

"ಅದಕ್ಕ ಸ್ಟೀರಿಂಗಿಗೂ ಕಟ್ಟಿದೆ. ಅಲ್ಲಿ ಅವರು ಮುಟ್ಟಿರಲಿಲ್ಲ, ಆದ್ರೂ ಕಟ್ಟಿದೆ." ಶಮೀಮಳ ದನಿ ಇಳಿಯಿತು. "ಸಲಾಕಿ ಗಿಡ್ಡ ಆಗಿದ್ದು ನೋಡಿ ಮೊದಲ ದಿನಾ ಸರಿ ಮಾಡಿದೆ. ಮರದಿನಾ ನೋಡಿದ್ರ ಮತ್ತ ಗಿಡ್ಡ. ತಂತಿ ಕಟ್ಟಿದೆ. ತಂತಿ ಕತ್ತರಿಸಿ ಮತ್ತ ಗಿಡ್ಡ ಮಾಡಿದ್ರು. ಹೋದ ಶನಿವಾರ ಒಂದ ತಾಸು ಲಗೂನ ಬಂದೆ. ಹಲಗಿ ಸಂದ್ಯಾಗಿಂದ ನೋಡಿದೆ."

"ಯಾರು?"

"ನಮ್ಮ ಮನಿಯವರಿಗೆ ಹೇಳಿದ್ರ ಇಬ್ಬರ ದೋಸ್ತಿ ಮುರೀತಿತ್ರಿ. ಅದಕ್ಕ ದಿನಾ ಬಂದು ಸುಮ್ಕ ಸರಿ ಮಾಡಿ ಹೋಗತಿದ್ದೆ."

ಕಸ್ತೂರೆವ್ವನಿಗೆ ಉತ್ತರ ಸಿಕ್ಕಿತ್ತು. ಆದರೂ ಅದನ್ನು ಬೇರೆಯವರ ಬಾಯಿಂದ ಕೇಳಬೇಕಾಗಿತ್ತು.

"ಹೆಸರು ಹೇಳು."

"ನಿಮ್ಮ ತಮ್ಮರಿ. ರಾಮಣ್ಣಾರ." ಶಮೀಮ ಅವಳ ತೋಳು ಹಿಡಿದಳು. "ಕೆಟ್ಟ ಮನಸಿಂದ ಮಾಡಾಕತ್ತಿರಲಿಲ್ರಿ. ಆಣಿ ಮಾಡಿ ಹೇಳತೇನಿ. ತಿರುಪು ತಿರುವಿ, ಇಂಜಿನ್ನಿನ ಮ್ಯಾಲೆ ಕೈ ಇಟ್ಟು, ಹಿರೇರ ಪಾದಾ ಮುಟ್ಟಿದಂಗ ಮುಟ್ಟಿ, ಬಾಳ ಹೊತ್ತು ನಿಂತಿದ್ರು."

ಓಣಿಯಲ್ಲಿ ಸೈಕಲ್ಲಿನ ಸಪ್ಪಳವಾಯಿತು. ರಾಮಪ್ಪನ ಸೈಕಲ್ಲಿನ ಸರಪಳಿ ಎರಡು ತಿಂಗಳಿಂದ ಕಿರಿಗುಡುತ್ತಿತ್ತು; ಗಾಡಿಯ ಗದ್ದಲದಲ್ಲಿ ಅದಕ್ಕೆ ಎಣ್ಣೆ ಹಾಕಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

"ದಿನಾ ನಾ ಬರೂಕಿಂತ ಮೊದಲ ಬಂದು ಹೋಗತಾರ. ಇವತ್ತ ತಡಾ ಆಗೇತಿ ಅವರಿಗೆ, ಅದಕ್ಕ ಎರಡನೇ ತಂತಿ ಹಾಕಾಕತ್ತಿದ್ದೆ," ಎಂದಳು ಶಮೀಮ.

"ನೀ ಒಳಗ ಅವ್ವನ ಹತ್ರ ಹೋಗು. ಬುರ್ಖಾ ತಗೊಂಡ ಹೋಗು."

ಶಮೀಮ ಅಡುಗೆಮನೆಯ ಕಡೆಯ ಬಾಗಿಲಿನಿಂದ ಹೋದಳು. ಓಣಿಯ ಬಾಗಿಲು ತೆರೆದು ರಾಮಪ್ಪ ಒಳಗೆ ಬಂದ. ಕಾರಖಾನೆಯ ನೀಲಿ ಅಂಗಿ, ಬಗಲಲ್ಲಿ ಊಟದ ಡಬ್ಬಿ, ಕೈಯಲ್ಲಿ ಪಾನಾ. ಅಕ್ಕನನ್ನು ನೋಡಿದ. ಅವಳ ಅಂಗೈಯಲ್ಲಿದ್ದ ತುಂಡುಗಳನ್ನು ನೋಡಿದ.

ಅವನು ಸುಳ್ಳು ಹೇಳಲು ನೋಡಲಿಲ್ಲ. ಡಬ್ಬಿ ಕೆಳಗಿಟ್ಟು ಬೆತ್ತದ ಕುರ್ಚಿಯಲ್ಲಿ, ಗಾಡಿಯ ಒಳಗೆ, ಹೋಗಿ ಕೂತ.

"ಮಜೀದಗ ಹೇಳಿದೇನು?"

"ಇನ್ನೂ ಇಲ್ಲ. ಮೊದಲ ನನಗ ಹೇಳು. ಎರಡು ತಿಂಗಳು ಕೈ ಹರಕೊಂಡು ತೂತು ಕೊರದಾಂವ ನೀನು. ಹುಚ್ಚಪ್ಪ ಏನರ ಅಂದ್ನೇನು?"

"ಅಂವ ಯಾಕ ಅಂತಾನ?" ರಾಮಪ್ಪ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟ. "ಗಾಡಿ ಓಡಬೇಕಕ್ಕಾ. ಚಂದಂಗ ಓಡಬೇಕು. ಗೆಲ್ಲಬಾರದು, ಅಷ್ಟ."

"ಯಾಕ?"

"ಗೆದ್ದ ಗಾಡಿ ಇಂಜಿನ್ನಿನ ನಂಬರ ಬರಕೊಂಡು ಮೋಟಾರ ಕಚೇರಿಗೆ ಕಳಸ್ತಾರಂತ. ಹೋದ ತಿಂಗಳ ಸಂಘದಾವ್ರು ಹೇಳಿದ್ರು."

"ಕಳಸ್ಲಿ. ಹಳೇ ಗುಜರಿಯಾಗ ಕೊಂಡ ಇಂಜಿನ್ನ ಅದು."

"ಗುಜರಿಯಾಗ ಕೊಂಡಿದ್ದಲ್ಲ."

ಅವನು ಇಳಿದು ಬಂದು, ಚಿಂದಿಯಿಂದ ಇಂಜಿನ್ನಿನ ಪಕ್ಕದ ಜಿಡ್ಡು ಒರೆಸಿದ. ಒತ್ತಿ ಕೊರೆದ ಅಂಕಿಗಳು ಕಂಡವು. ಅಕ್ಕನ ಬೆರಳನ್ನು ಹಿಡಿದು, ಕುರುಡರಿಗೆ ತೋರಿಸುವ ಹಾಗೆ, ಅವುಗಳ ಮೇಲೆ ಎಳೆದ.

"ನನಗ ಅಂಕಿ ಸಾಲ್ಯಾಗ ಕಲಿಸಿಲ್ಲಕ್ಕಾ. ಅಪ್ಪ ಕಲಿಸಿದ. ಲಾರಿ ಮುಂದ ಎತ್ತಿ ಹಿಡದು, ಹಿಂಗ ಬೆರಳು ಹಿಡದು, ಈ ನಂಬರಿನ ಮ್ಯಾಲೆ. ಹೋದ ತಿಂಗಳು ಬಣ್ಣಾ ಕೆರದಾಗ ಬೆರಳಿಗೆ ಸಿಕ್ತು. ಕಣ್ಣಿಂದ ನೋಡೂಕಿಂತ ಮೊದಲ ಗೊತ್ತಾತು."

ಕಸ್ತೂರೆವ್ವನ ಬೆರಳು ಅಂಕಿಗಳ ಮೇಲೆಯೇ ನಿಂತಿತು.

ಅವರ ಅಪ್ಪ ಗಂಗಪ್ಪ ಲಾರಿ ಚಾಲಕ. ಹದಿಮೂರು ವರ್ಷಗಳ ಹಿಂದೆ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಕಾರವಾರಕ್ಕೆ ಹೊರಟವನು ಅರಬೈಲ್ ಘಟ್ಟದಲ್ಲಿ ಲಾರಿಯೊಡನೆ ಕೆಳಗೆ ಬಿದ್ದು ಸುಟ್ಟುಹೋದ. ಆಗ ಅವಳು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿದ್ದಳು. ಚಾಲಕ ಕುಡಿದಿದ್ದ ಎಂದು ಪಂಚನಾಮೆಯಲ್ಲಿ ಬರೆದರು. ಅಪ್ಪ ಜೀವಮಾನದಲ್ಲಿ ಕುಡಿದವನಲ್ಲ. ಲಾರಿಯಲ್ಲಿ ಒಂದು ಮೊಳೆಯೂ ಉಳಿದಿಲ್ಲ, ಇಂಜಿನ್ನು ಕೂಡ ಬೆಂಕಿಯಲ್ಲಿ ಸೀಳಿ ಹೋಯಿತು ಎಂದು ಬರೆದರು. ಆ ಕಾಗದವನ್ನು ಅವಳೇ ಅವ್ವನಿಗೆ ಓದಿ ಹೇಳಿದ್ದಳು.

ಈಗ ಅವಳ ಬೆರಳಿನ ಕೆಳಗಿದ್ದ ಕಬ್ಬಿಣದ ಮೇಲೆ ಬೆಂಕಿ ತಾಗಿದ ಒಂದು ಕಲೆಯೂ ಇರಲಿಲ್ಲ.

"ನಂಬರ ಕಚೇರಿಗೆ ಹೋದ್ರ," ಎಂದ ರಾಮಪ್ಪ, "ಸುಟ್ಟ ಲಾರಿ ಇಂಜಿನ್ನ ಗಂಗಪ್ಪನ ಹಿತ್ತಲದಾಗ ಹ್ಯಾಂಗ ಬಂತು ಅಂತ ಕೇಳ್ತಾರ. ಅಪ್ಪಾನ ಕದ್ದು ಮಾರಿದ ಅಂತಾರ. ಸತ್ತಮ್ಯಾಲೂ ಅಂವಗ ಇನ್ನೊಂದ ಹೆಸರು. ಗಾಡಿ ಹಿಂದಕ್ಕ ತಗೊಳ್ಳೂನಂದ್ರ ಮಜೀದಗ ಏನಂತ ಹೇಳ್ಲಿ? ಅಂವ ಲೇಥಿಗೆ ಅಂತ ಅಂಗಡ್ಯಾಗ ಜಾಗಾ ಖಾಲಿ ಮಾಡಿ ಇಟ್ಟಾನ. ಅದಕ್ಕ... ಸೋತರ ಎಲ್ಲಾ ತಣ್ಣಗಾಗತೈತಿ ಅಂದಕೊಂಡೆ."

"ರಾಮೂ, ಇಂಜಿನ್ನ ಎಲ್ಲಿತ್ತು?"

"ಗಬ್ಬೂರಾಗ. ಶಿವಬಸವ್ವ ಅನ್ನೋರ ಹತ್ತಿ ಗೋದಾಮಿನ ಹಿಂದ, ಹತ್ತಿ ಕಟಗಿ ಕೆಳಗ. ಗೋಣಿತಾಟ ಸುತ್ತಿ, ಗ್ರೀಸ್ ಹಚ್ಚಿ ಇಟ್ಟಿದ್ರು."

"ಅಲ್ಲೈತಿ ಅಂತ ನಿನಗ ಹೇಳಿದವರು ಯಾರು?"

ರಾಮಪ್ಪ ಚಿಂದಿಯನ್ನು ಮಡಚಿದ. ಮತ್ತೆ ಮಡಚಿದ.

"ನಾವು ಇಂಜಿನ್ನಿಗೆ ಊರೆಲ್ಲಾ ತಿರಗ್ಯಾಡಿ ಸೋತು ಕುಂತಿದ್ವಿ. ರೊಟ್ಟಿ ಬಡಕೋಂತ ಕೇಳಾಕತ್ತಿದ್ಳು. ಕಟಗಿ ತಗದು ನೋಡು, ಯಾರ ಕೇಳಿದ್ರೂ ಗುಜರಿದು ಅನ್ನು ಅಂದ್ಳು. ನನಗ ಆಗ ಏನೂ ಅನಸಲಿಲ್ಲ. ಈಗ ಕೇಳಾಕ ಧೈರ್ಯ ಆಗವಲ್ದು." ಅವನು ತಲೆ ಎತ್ತಿದ. "ಅವ್ವ, ಅಕ್ಕಾ. ಅವ್ವ ಹೇಳಿದ್ಳು."

ಅಡುಗೆಮನೆಯ ಕಡೆಯ ಬಾಗಿಲು ಸರಿಯಿತು.

ಮುದಕವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಅವಳು ಒಳಗೆ ಬಂದು, ಹಿಂದೆ ತಿರುಗಿ ಅಗಳಿ ಹಾಕಿದಳು. ಓಣಿಯ ಕಡೆಯ ಬಾಗಿಲಿಗೂ ಹೋಗಿ ಅಗಳಿ ಹಾಕಿದಳು. ಆಮೇಲೆ ಸಾವಕಾಶವಾಗಿ ಬಂದು ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂತಳು.

"ಅವ್ವಾ," ಎಂದಳು ಕಸ್ತೂರೆವ್ವ.

"ಹುಡುಗಗ ಬೈಬ್ಯಾಡ," ಎಂದಳು ಮುದಕವ್ವ. "ಅಂವ ಅಪ್ಪನ ಹೆಸರಿಗೆ ಅಂಜ್ಯಾನ. ಇಂಜಿನ್ನ ಎಲ್ಲೈತಿ ಅಂತ ಹೇಳಿದಾಕಿ ನಾನ. ಅದನ್ನ ಅಲ್ಲಿ ಇಡಿಸಿದಾಕೀನೂ ನಾನ."

"ಯಾವಾಗ? ಲಾರಿ ಸುಟ್ಟಮ್ಯಾಲೆ?"

ಮುದಕವ್ವ ಮಗಳ ಮುಖವನ್ನು ನೆಟ್ಟಗೆ ನೋಡಿದಳು.

"ಅಲ್ಲ. ಘಟ್ಟದಾಗ ಬಿದ್ದ ಲಾರ್ಯಾಗ ಈ ಇಂಜಿನ್ನ ಇರಲೇ ಇಲ್ಲ. ಲಾರಿ ಸುಡೂಕಿಂತ ಎರಡು ದಿನಾ ಮೊದಲ."